ದಲಾಲಿ ಮಲ್ಕಪ್ಪ ಪರೀಕ್ಷೆಯ ದರ ಕೇಳಿದ್ದು

ವನದುರ್ಗದ ಮಲ್ಕಪ್ಪನ ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್ಲು ಇರುತ್ತದೆ. ಅದರಿಂದ ಅವನು ಮುಖ ಒರೆಸಿಕೊಂಡದ್ದನ್ನು ಕಂಡವರಿಲ್ಲ. ಬೆವರಿಗೆ ಅಂಗಿಯ ತೋಳಿದೆ. ಟವೆಲ್ಲು ಇರುವುದು ದಂಧೆಗೆ. ಕುರಿ ಸಂತೆಯಲ್ಲಿ ಕೊಳ್ಳುವವನ ಕೈಯನ್ನು ಅದರ ಕೆಳಗೆ ಎಳೆದುಕೊಂಡು, ಬೆರಳು ಹಿಡಿದು ದರ ಹೇಳಿ, ಬೆರಳು ಬಿಟ್ಟು ದರ ಇಳಿಸಿ, ಕೊನೆಗೆ ಅಂಗೈ ಒತ್ತಿ ಸೌದಾ ಮುಗಿಸುವುದು ಅವನ ಕಸುಬು. ಸುತ್ತ ನಿಂತವರಿಗೆ ಟವೆಲ್ಲು ಅಲ್ಲಾಡುವುದಷ್ಟೇ ಕಾಣುತ್ತದೆ. ಎಷ್ಟಕ್ಕೆ ಮುಗಿಯಿತು ಎಂಬುದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಬದನೆಕಾಯಿಗೆ ಎರಡು ರೂಪಾಯಿ ಇಳಿಸಿದ್ದನ್ನು ಓಣಿಗೆಲ್ಲ ಹೇಳಿಕೊಂಡು ಬಂದು, ಮನೆಯಲ್ಲಿ ಅದರೊಳಗಿನ ಹುಳಕ್ಕೆ ಬೈಸಿಕೊಳ್ಳುವ ನಮ್ಮಂಥವರಿಗೆ ಆ ವಿದ್ಯೆ ದಕ್ಕುವುದಲ್ಲ.

ಅವನು ಹುಟ್ಟಾ ದಲಾಲಿಯೇನಲ್ಲ. ಅವನಪ್ಪನ ಕಾಲಕ್ಕೆ ಮನೆಯಲ್ಲಿ ದೊಡ್ಡ ಹಿಂಡಿತ್ತು. ಆಮೇಲೆ ಕಾಲುವೆ ಬಂತು. ಬಂದದ್ದು ಒಳ್ಳೆಯದೇ ಆಯಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು, ಬೀಳು ಬಿದ್ದಲ್ಲಿ ಹತ್ತಿ ಬಂತು, ಶಹಾಪುರಕ್ಕೆ ಮೋಟಾರ್‌ಸೈಕಲ್ಲಿನ ಅಂಗಡಿಗಳು ಬಂದವು. ಕುರಿಗೆ ಮಾತ್ರ ಕಾಲಿಡಲು ಜಾಗ ಉಳಿಯಲಿಲ್ಲ. ಗದ್ದೆಗೆ ನುಗ್ಗಿದ ಕುರಿಗೂ ಅದರ ಹಿಂದೆ ಓಡಿದ ಮಲ್ಕಪ್ಪನಿಗೂ ಒಂದೇ ಬಡಿಗೆಯಿಂದ ಬಿದ್ದಾಗ ಅವನು ಹಿಂಡು ಮಾರಿದ. ಮಾರಿಸಿಕೊಟ್ಟ ದಲಾಲಿ ಕೂತಲ್ಲೇ ಗಳಿಸಿದ್ದನ್ನು ನೋಡಿ, ಕುರಿ ಸಾಕುವುದಕ್ಕಿಂತ ಮಾರಿಸುವುದೇ ಮೇವು ಬೇಡದ ದಂಧೆ ಎಂದು ಮನಗಂಡ.

ದಂಧೆಯಲ್ಲಿ ಅವನದು ಒಂದೇ ಸೂತ್ರ: ಯಾಕೆ ಬೇಕೆಂದು ಹೇಳಿದವ ಕೆಟ್ಟ. ದೇವರಿಗೆ ಹರಕೆ ಇದೆ, ಇಂಥ ದಿನದೊಳಗೆ ಕರಿ ಟಗರೇ ಬೇಕು ಎಂದು ಬಾಯಿಬಿಟ್ಟವನಿಗೆ ಆ ಟಗರು ಆ ಕ್ಷಣದಲ್ಲೇ ಎರಡು ಸಾವಿರ ಏರುತ್ತದೆ. ಹಾಗಾಗಿ ಬೇಕಾದ್ದನ್ನು ಬೇಡವೆಂಬಂತೆ ನೋಡಬೇಕು, ಬೇಡವಾದ್ದರ ಹಲ್ಲು ಎಣಿಸುತ್ತ ನಿಲ್ಲಬೇಕು. ಈ ಸೂತ್ರವನ್ನು ಅವನು ಸಂತೆಯಲ್ಲೇ ಬಿಟ್ಟು ಬಂದಿದ್ದರೆ ತೊಂದರೆ ಇರಲಿಲ್ಲ. ಒಮ್ಮೆ ಜ್ವರ ಬಂದು ಡಾಕ್ಟರ ಮುಂದೆ ಕೂತಾಗ, “ಏನಾಗ್ಯಾದ?” ಎಂದರೆ, “ಮದಲ ಫೀಸು ಎಷ್ಟಂತ ಹೇಳ್ರಿ,” ಎಂದಿದ್ದ.

ಅವನ ಮಗಳು ರೇಣಮ್ಮ. ಅವಳನ್ನು ಸ್ವಂತ ಅಕ್ಕನ ಮಗ ಬೀರಣ್ಣನಿಗೆ ಕೊಟ್ಟಿದ್ದ. ಬೀರಣ್ಣ ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತ ಅಲ್ಲೇ ಒಂದು ಕೋಣೆಯಲ್ಲಿದ್ದ. ರೇಣಮ್ಮ ಮತ್ತು ಮಗಳು ಮಾಳಮ್ಮ ವನದುರ್ಗದಲ್ಲಿ ಮಲ್ಕಪ್ಪನ ಮನೆಯಲ್ಲೇ ಇದ್ದರು. ಮಾಳಮ್ಮನಿಗೆ ವಯಸ್ಸು ಐದು, ಮಾತಿಗೆ ಐವತ್ತು. ಅವಳ ಮೈಯಲ್ಲಿ ರಕ್ತ ನಿಲ್ಲುತ್ತಿರಲಿಲ್ಲ. ಥಲಸ್ಸೇಮಿಯಾ ಎಂದು ಕಲಬುರಗಿಯ ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದರು. ತಿಂಗಳು ತುಂಬುವುದರೊಳಗೆ ಅವಳ ಮುಖ ಹಿಟ್ಟು ಬಳಿದಂತೆ ಬೆಳ್ಳಗಾಗುತ್ತಿತ್ತು. ಕಲಬುರಗಿಗೆ ಹೋಗಿ ರಕ್ತ ಹಾಕಿಸಿಕೊಂಡು ಬಂದರೆ ಮತ್ತೆ ಓಣಿಯ ಹುಡುಗರನ್ನೆಲ್ಲ ಅಟ್ಟಿಸಿಕೊಂಡು ತಿರುಗುವಳು. ಊರವರಿಗೆ ಮಲ್ಕಪ್ಪ ಹೇಳಿದ್ದು, ಕಲಬುರಗಿಯ ದೇವರಿಗೆ ಹರಕೆ ಇದೆ ಎಂದು. ದೇವರಿಗೆ ಇಷ್ಟು ಸಲ ಹೋಗುವ ಮನೆ ಸೀಮೆಯಲ್ಲೇ ಇನ್ನೊಂದಿರಲಿಲ್ಲ.

ಅಲ್ಲಿಯ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಗಂಡ ಹೆಂಡತಿ ಇಬ್ಬರಲ್ಲೂ ಈ ದೋಷ ಅರ್ಧರ್ಧ ಇದೆ, ಅವರಿಗೆ ಅದರಿಂದ ತೊಂದರೆಯಿಲ್ಲ, ಆದರೆ ಎರಡು ಅರ್ಧ ಒಂದೇ ಕೂಸಿಗೆ ಬಂದರೆ ಮಾಳಮ್ಮನ ಹಾಗೇ ಆಗುತ್ತದೆ. ಮುಂದಿನ ಬಸುರಿನಲ್ಲಿ ಮೂರು ತಿಂಗಳಾಗುವ ಮೊದಲೇ ಬನ್ನಿ, ಹೊಟ್ಟೆಯಲ್ಲಿದ್ದಾಗಲೇ ನೋಡುವ ಪರೀಕ್ಷೆಯಿದೆ, ಎಂದು. ರೇಣಮ್ಮ ಮತ್ತೆ ಬಸುರಾದಳು.

“ಸೀದಾ ಕಲಬುರಗಿಗೆ ಹೋಗೂಣು, ಯಪ್ಪಾ,” ಎಂದಳು.

“ಅವರಿಗೆ ನಮ್ಮ ಗುಟ್ಟು ಗೊತ್ತದವ್ವ. ಗುಟ್ಟು ಗೊತ್ತಿದ್ದವರ ಹಂತ್ಯಾಕ ಸೌದಾ ಆಗೂದಿಲ್ಲ. ನಾ ಮೂರು ಕಡಿ ದರ ಕೇಳಿ ಬರ್ತೀನಿ. ಅಲ್ಲೀತನಾ ಯಾರೂ ಬಾಯಿ ತೆಗೀಬ್ಯಾಡ್ರಿ.”

“ಬಾಯಿ ತೆಗಿಯೂದು ಬ್ಯಾಡಂದ್ರ ಕೇಳೂದು ಹ್ಯಾಂಗ್ರಿ?” ಎಂದಳು ಅವನ ಹೆಂಡತಿ ಸಾಯಬಮ್ಮ.

“ಅದು ನಿನಗ ತಿಳಿಯೂದಿಲ್ಲ,” ಎಂದು ಮಲ್ಕಪ್ಪ ಟವೆಲ್ಲು ಕೊಡವಿ ಹೊರಟ.

ಮೊದಲು ಯಾದಗಿರಿ. ಗಾಜಿನ ಬಾಗಿಲಿನ ಲ್ಯಾಬು, ಒಳಗೆ ತಂಪು. ಕೌಂಟರಿನ ಹುಡುಗಿ ಒಳ್ಳೆಯ ಮಾತಿನವಳು.

“ಹೊಟ್ಟ್ಯಾಗಿನ ಕೂಸಿನ ಟೆಸ್ಟಿಗೆ ಎಷ್ಟ್ರಿ?”

“ತಾಯಿ ಕೈಯಾಗಿನ ರಕ್ತ ಅಷ್ಟ ತಗೋತೀವ್ರಿ ಅಜ್ಜಾರ. ಹೊಟ್ಟಿಗೆ ಸೂಜಿ ಇಲ್ಲ, ಏನಿಲ್ಲ. ಹದಿನೆಂಟು ಸಾವಿರ. ಯಾಕ ಮಾಡಸ್ರಿ ಅಂದಾರ ಡಾಕ್ಟ್ರು?”

“ಸುಮ್ನ.”

“ಸುಮ್ನ ಹದಿನೆಂಟು ಸಾವಿರ ಕೊಡ್ತೀರಿ?”

“ಕೊಡ್ತೀನಂತ ನಾ ಎಲ್ಲಿ ಅಂದೀನಿ?”

ಮಲ್ಕಪ್ಪ ಎಲ್ಲ ದರವನ್ನೂ ಟಗರಿಗೆ ಇಳಿಸಿ ನೋಡುವವನು. ಇದು ಎರಡು ಟಗರಿಗೆ ತುಸು ಕಡಿಮೆ. ದರ ಮನಸ್ಸಿನಲ್ಲಿಟ್ಟುಕೊಂಡು, ಬೇಡವೆಂಬ ಮುಖ ಮಾಡಿಕೊಂಡು ಹೊರಬಂದ. ಸಂತೆಯಲ್ಲಾದರೆ ಇಂಥ ಹೊತ್ತಿಗೆ ಮಾರುವವ ಹಿಂದಿನಿಂದ ಕೂಗಿ ಕರೆಯಬೇಕು. ಹುಡುಗಿ ಕರೆಯಲಿಲ್ಲ. ಲ್ಯಾಬಿನವರಿಗೆ ವ್ಯಾಪಾರ ಗೊತ್ತಿಲ್ಲ ಎಂದುಕೊಂಡ.

ಎರಡನೆಯದು ಶಹಾಪುರ. ಔಷಧಿ ಅಂಗಡಿಯ ಮಾಳಿಗೆಯ ಮೇಲೆ ಹೈದರಾಬಾದಿನ ಲ್ಯಾಬೊಂದರ ಏಜೆಂಟ ಕೂತಿದ್ದ. ಹರೆಯದವ, ಆ ಬಿಸಿಲಿನಲ್ಲೂ ಕೊರಳಿಗೆ ಟೈ.

“ನಮ್ಮಲ್ಲಿ ಮೂರು ನಮೂನಿ ಅದಾವ್ರಿ ಅಂಕಲ್. ಹೊಟ್ಟಿಗೆ ಸೂಜಿ ಹಾಕಿ ಕೂಸಿನ ಸುತ್ತಲಿನ ನೀರು ತೆಗದು ವರ್ಣತಂತು ಎಣಿಸೂದು, ಒಂಬತ್ತೂವರಿ ಸಾವಿರ. ಸೂಜಿ ಖರ್ಚು ಬ್ಯಾರೆ. ಅದನ್ನs ಇನ್ನಾ ಸಣ್ಣ ಸೋಸಿ ನೋಡೂದು, ಇಪ್ಪತ್ತೆರಡು. ಒಂದಕ್ಷರ ಬಿಡದಂಗ ಎಲ್ಲಾ ಓದಿ ನೋಡೂದು, ನಲವತ್ತೆರಡು.”

ವರ್ಣತಂತು ಎಂದರೇನೆಂದು ಮಲ್ಕಪ್ಪನಿಗೆ ತಿಳಿಯಲಿಲ್ಲ. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿ ಪಾಸಾದ ನಮಗೂ ತಿಳಿದಿಲ್ಲ, ಆ ಮಾತು ಬೇರೆ.

“ಇದರಾಗ ಛಲೋದು ಯಾವುದು?”

“ನಿಮಗೇನು ನೋಡಬೇಕಾಗ್ಯಾದ ಅದರ ಮ್ಯಾಲ ಹೋಗ್ತದ.”

“ನನಗೇನೂ ನೋಡಬೇಕಾಗಿಲ್ಲ.”

“ಮತ್ಯಾಕ ಬಂದೀರಿ?”

“ದರ ನೋಡಾಕ.”

ಟೈ ಕಟ್ಟಿದವನು ನೀರಿನ ಬಾಟಲಿ ಎತ್ತಿ ಕುಡಿದ. ಮಲ್ಕಪ್ಪ ಮೆಟ್ಟಿಲಿಳಿಯುತ್ತ ಲೆಕ್ಕ ಹಾಕಿದ: ಒಂದು ಟಗರಿನ ಪರೀಕ್ಷೆ ಇದೆ, ಎರಡು ಟಗರಿನದು ಇದೆ, ನಾಲ್ಕು ಟಗರು ಮತ್ತು ಒಂದು ಮರಿಯದೂ ಇದೆ. ಎಲ್ಲವೂ ಹೊಟ್ಟೆಯ ಕೂಸಿನವೇ. ಸಂತೆಯ ಅನುಭವದಲ್ಲಿ ಎಲ್ಲಕ್ಕಿಂತ ಅಗ್ಗದ್ದಕ್ಕೆ ಕಾಲುನೋವು ಇರುತ್ತದೆ, ಎಲ್ಲಕ್ಕಿಂತ ತುಟ್ಟಿಯದಕ್ಕೆ ಕೋಡಿಗೆ ಬಣ್ಣ ಬಳಿದಿರುತ್ತಾರೆ. ನಡುವಿನದು ಸರಿ. ಆದರೂ ಮೂರನೆಯ ಕಡೆ ಕೇಳದೆ ಕೊಂಡರೆ ಅವನು ಮಲ್ಕಪ್ಪನಲ್ಲ.

ಮೂರನೆಯದು ಸುರಪುರದ ಒಂದು ಸ್ಕ್ಯಾನಿಂಗ್ ಸೆಂಟರು. ಬೆಂಚಿನ ಮೇಲೆ ಬಸುರಿ ಹೆಂಗಸರು ಸಾಲಾಗಿ ಕೂತಿದ್ದರು. ಇಷ್ಟು ಜನರ ನಡುವೆ ದರ ಕೇಳುವುದು ದಂಧೆಗೆ ಒಗ್ಗದ ಮಾತು. ಮಲ್ಕಪ್ಪ ಮೇಜಿನ ಹಿಂದೆ ಕೂತ ಮ್ಯಾನೇಜರನ ಮಗ್ಗುಲಿಗೆ ಸರಿದು, ದನಿ ಇಳಿಸಿ, “ಹೊಟ್ಟ್ಯಾಗಿನ ಕೂಸಿಂದು ನೋಡಬೇಕಾಗಿತ್ತು,” ಎಂದ. ಮ್ಯಾನೇಜರ, “ಏನು ನೋಡಬೇಕು?” ಎನ್ನುವುದರೊಳಗೆ ಅವನ ಕೈಯ ಮೇಲೆ ಟವೆಲ್ಲು ಬಿದ್ದಿತ್ತು, ಕೆಳಗಿನಿಂದ ಮಲ್ಕಪ್ಪನ ಬೆರಳು ಬಂದು ಅವನ ಎರಡು ಬೆರಳನ್ನು ಹಿಡಿದಿತ್ತು.

ಮ್ಯಾನೇಜರ ಹಾವು ಮುಟ್ಟಿದವನಂತೆ ಕೈ ಕಿತ್ತುಕೊಂಡ. ಗೋಡೆಯ ಮೇಲೆ ದೊಡ್ಡ ಬೋರ್ಡು ಇತ್ತು: ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ.

“ಓದಾಕ ಬರ್ತದೇನು ಮುದುಕಾ? ಗಂಡೋ ಹೆಣ್ಣೋ ಕೇಳಾಕ ಬಂದಿ, ಮ್ಯಾಲ ಲಂಚ ಬ್ಯಾರೆ ಮುಟ್ಟಸ್ತಿ. ಪೊಲೀಸರಿಗೆ ಫೋನ್ ಹಚ್ಚಲಿ?”

“ನಾ ಅದಕ್ಕ ಬಂದಿಲ್ರಿ ಸಾಹೇಬ್ರ.”

“ಮತ್ಯಾತಕ್ಕ ಬಂದಿ?”

ಒಂದೇ ಮಾತು ಸಾಕಿತ್ತು. ಮೊಮ್ಮಗಳಿಗೆ ರಕ್ತದ ರೋಗವಿದೆ, ಬರುವ ಕೂಸಿಗೂ ಇದೆಯೋ ಎಂದು ನೋಡಬೇಕು, ಅಷ್ಟೇ. ಅದು ನಾಲಗೆಯ ತುದಿಯವರೆಗೂ ಬಂತು. ಆದರೆ ಬೆಂಚಿನ ಮೇಲಿನ ಹೆಂಗಸರೆಲ್ಲ ಮಾತು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಮೂವತ್ತು ವರ್ಷದ ಸೂತ್ರ ಅಡ್ಡ ಬಂತು. “ಸುಮ್ನ,” ಎಂದ.

ಹೊರಗೆ ಹಾಕಿಸಿಕೊಂಡವನಿಗೆ ಬುದ್ಧಿ ಬರಬೇಕಿತ್ತು. ಬಂದದ್ದು ಹಟ. ಮರುದಿನ ಯಾದಗಿರಿಗೆ ಹೋಗಿ ಗಾಜಿನ ಬಾಗಿಲಿನ ಲ್ಯಾಬಿನಲ್ಲಿ ಊಟದ ಹೊತ್ತಿನವರೆಗೂ ಕೂತ. ಕೌಂಟರಿನ ಹುಡುಗಿ ಅವನನ್ನು ಎಬ್ಬಿಸುವ ಸಲುವಾಗಿಯೇ ಮಾಲೀಕನಿಗೆ ಫೋನು ಹಚ್ಚಿ, ಹದಿನೆಂಟನ್ನು ಹದಿನೈದೂವರೆಗೆ ಇಳಿಸಿಕೊಟ್ಟಳು. ಸೂಜಿ ಇಲ್ಲದ್ದು, ದರ ನಡುವಿನದು, ಮೇಲೆ ಎರಡೂವರೆ ಸಾವಿರದ ಉಳಿತಾಯ. ಎರಡು ಸಾವಿರ ಮುಂಗಡ ಕೊಟ್ಟು, ಮಗಳನ್ನು ಸೋಮವಾರ ಕರೆತರುತ್ತೇನೆಂದು ಹೇಳಿ ಬಂದ. ಆ ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದ.

ಈ ತಿರುಗಾಟದಲ್ಲಿ ಎರಡು ವಾರ ಕಳೆದಿದ್ದವು. ದಲಾಲಿಯ ಸಲುವಾಗಿ ಬಸುರು ನಿಂತು ಕಾಯುವುದಿಲ್ಲ. ರೇಣಮ್ಮನಿಗೆ ಆಗಲೇ ಹನ್ನೆರಡನೆಯ ವಾರ ಹಿಡಿದಿತ್ತು.

ಸೋಮವಾರ ಲ್ಯಾಬಿನಲ್ಲಿ ಹುಡುಗಿ ರೇಣಮ್ಮನ ತೋಳಿಗೆ ರಬ್ಬರು ಪಟ್ಟಿ ಬಿಗಿದಳು. ರೇಣಮ್ಮ ಮುಷ್ಟಿ ಹಿಡಿದವಳು ಹಾಗೇ ಕೇಳಿದಳು:

“ನನ್ನ ಮಗಳಿಗೆ ಥಲಸ್ಸೇಮಿಯಾ ಅದ ರೀ. ಇದರಾಗ ಅದು ಗೊತ್ತಾಗ್ತದಲ್ಲ?”

ಮಲ್ಕಪ್ಪ ಕೆಮ್ಮಿದ. ಮಗಳು ತಿರುಗಿ ನೋಡಲಿಲ್ಲ.

ಹುಡುಗಿ ಪಟ್ಟಿ ಬಿಚ್ಚಿದಳು. “ಇಲ್ಲ ಅಕ್ಕಾರ. ಇದು ಅದಕ್ಕಲ್ಲ. ಇದರಾಗ ವರ್ಣತಂತು ಹೆಚ್ಚುಕಡಿಮಿ ಇದ್ರ ಅಷ್ಟ ತಿಳೀತದ, ಬುದ್ಧಿ ಬೆಳವಣಿಗಿ ಕಡಿಮಿ ಆಗೂ ಕೂಸು ಇರ್ತಾವಲ್ಲ, ಅಂಥದ್ದು. ನಿಮ್ಮದು ರಕ್ತದ್ದು. ಇಲ್ಲಿ ಆಗೂದಿಲ್ಲ.” ಆಮೇಲೆ ಮಲ್ಕಪ್ಪನ ಕಡೆ ತಿರುಗಿ, “ಅಜ್ಜಾರ, ನಾ ಎರಡು ಸಲ ಕೇಳಿದ್ನಲ್ರಿ ಯಾಕಂತ,” ಎಂದಳು. ಬೈದಿದ್ದರೂ ಇಷ್ಟು ನಾಟುತ್ತಿರಲಿಲ್ಲ. ಮುಂಗಡವನ್ನು ಎಣಿಸಿ ಹಿಂದಕ್ಕೆ ಕೊಟ್ಟಳು.

ರೇಣಮ್ಮ ಅಲ್ಲಿಂದ ವನದುರ್ಗದ ಬಸ್ಸು ಹಿಡಿಯಲಿಲ್ಲ, ಸ್ಟೇಷನ್ನಿಗೆ ನಡೆದಳು. ಮಲ್ಕಪ್ಪ ಹಿಂದಿನಿಂದ ಹೋದ. ಕಲಬುರಗಿಯ ರೈಲಿನಲ್ಲಿ ಇಬ್ಬರಿಗೂ ಎದುರುಬದುರು ಸೀಟು ಸಿಕ್ಕಿದ್ದು ಅವನ ದುರ್ದೈವ. ವಾಡಿ ಸ್ಟೇಷನ್ನಿನಲ್ಲಿ ರೇಣಮ್ಮ ಕೇಳಿದಳು:

“ಯಪ್ಪಾ, ನಿನ್ನ ಸೌದಾದಾಗ ನನ್ನ ಹೊಟ್ಟಿ ಎಷ್ಟಕ್ಕ ಬಂತು?”

ಚಹಾದವನು ಬಂದ. ಮಲ್ಕಪ್ಪ ಎರಡು ಚಹಾ ತೆಗೆದುಕೊಂಡು, ದರ ಕೇಳದೆ ನೋಟು ಕೊಟ್ಟ. ಅದು ಅವನ ಉತ್ತರ.

ದೊಡ್ಡಾಸ್ಪತ್ರೆಯಲ್ಲಿ ಇಂಥ ಮನೆಗಳಿಗೆ ತಿಳಿಸಿ ಹೇಳುವುದಕ್ಕೆಂದೇ ಒಬ್ಬಳಿದ್ದಳು, ಮಮ್ತಾಜ ಎಂದು. ಸುರಪುರದವಳು, ಹೊಸದಾಗಿ ಬಂದವಳು. ಬಾಗಿಲು ತೆರೆದೇ ಇತ್ತು, ಹೊರಗೆ ಮಂದಿ ಕೂತಿದ್ದರು. ಮಮ್ತಾಜ ಪೆನ್ನು ಹಿಡಿದು ಮಲ್ಕಪ್ಪನನ್ನೇ ಕೇಳಿದಳು, “ಹೇಳ್ರಿ ಕಾಕಾ, ಏನು ತ್ರಾಸು?”

ಮಲ್ಕಪ್ಪ ಬಾಗಿ ಪಿಸುಗುಟ್ಟಿದ.

“ಜೋರಾಗಿ ಹೇಳ್ರಿ. ಈ ಫ್ಯಾನು ನಮ್ಮ ಅತ್ತಿ ಇದ್ದಂಗ, ಮತ್ತೊಬ್ಬರ ಮಾತು ಕೇಳಗೊಡೂದಿಲ್ಲ.”

ಅವನು ರೇಣಮ್ಮನನ್ನು ನೋಡಿದ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಈ ಸಲ ಅವಳು ಹೇಳುವುದಿಲ್ಲ, ನೀನೇ ಹೇಳು ಎಂಬಂತೆ.

“ನನ್ನ ಮೊಮ್ಮಗಳಿಗೆ ಥಲಸ್ಸೇಮಿಯಾ ಅದವ್ವ,” ಎಂದ ಮಲ್ಕಪ್ಪ. ಸಂತೆಯಲ್ಲಿ ಕೂಗಿ ರೂಢಿಯಿದ್ದ ದನಿ. ತಡೆದಿದ್ದು ಒಮ್ಮೆಲೇ ಬಂದಾಗ ಓಣಿ ದಾಟುವಷ್ಟು ಬಂತು. ಹೊರಗೆ ಕೂತವರೆಲ್ಲ ಕೇಳಿಸಿಕೊಂಡರು. ಯಾರೂ ತಿರುಗಿ ನೋಡಲಿಲ್ಲ. ಅವರವರ ಮನೆಯಲ್ಲೂ ಅದೇ ಇತ್ತು.

ಮಮ್ತಾಜ ಹಾಳೆಯ ಮೇಲೆ ಚೌಕ ಬರೆದಳು, ವೃತ್ತ ಬರೆದಳು. ಇವ ಬೀರಣ್ಣ, ಇಕಿ ರೇಣಮ್ಮ. ಬೀರಣ್ಣನ ತಾಯಿ ಯಾರು? ಮಲ್ಕಪ್ಪನ ಅಕ್ಕ. ರೇಣಮ್ಮನ ತಂದೆ ಯಾರು? ಎದುರಿಗೆ ಕೂತವ. ಎರಡು ಗೆರೆಗಳು ಮೇಲಕ್ಕೆ ಹೋಗಿ ಒಂದೇ ಮನೆಯಲ್ಲಿ ಸೇರಿದವು. ಮಲ್ಕಪ್ಪ ಹುಟ್ಟಿದ್ದು ಆ ಮನೆಯಲ್ಲಿ. ಎರಡೂ ಅರ್ಧ ಬಂದದ್ದು ಅಲ್ಲಿಂದಲೇ ಎಂದು ಗೆರೆಗಳೇ ಹೇಳಿದವು. ಅವನು ಹಾಳೆಯಲ್ಲಿ ತನ್ನ ಚೌಕವನ್ನು ಬಹಳ ಹೊತ್ತು ನೋಡಿದ.

ತಾನು ಕೇಳಿ ಬಂದ ದರಗಳನ್ನೆಲ್ಲ ಕೊನೆಗೆ ಅವಳ ಮುಂದೆ ಸುರಿದ. ಒಂಬತ್ತೂವರೆ, ಹದಿನೆಂಟು, ಇಪ್ಪತ್ತೆರಡು, ನಲವತ್ತೆರಡು. ಇದರಲ್ಲಿ ಯಾವುದು?

“ಒಂದೂ ಅಲ್ಲ ಕಾಕಾ. ಒಂಬತ್ತೂವರಿದು, ಹದಿನೆಂಟುದು, ಎರಡೂ ಎಣಿಸೂ ಪರೀಕ್ಷಾ. ಎಷ್ಟಿರಬೇಕೋ ಅಷ್ಟು ಅದಾವೋ ಇಲ್ಲೋ ಅಂತ. ಇಪ್ಪತ್ತೆರಡುದು, ನಡುವ ತುಣುಕು ಹರದು ಹೋಗ್ಯಾವೇನು ಅಂತ ನೋಡೂದು. ನಲವತ್ತೆರಡುದು ಎಲ್ಲಾ ಓದ್ತದ. ಬೇಕಾದ್ದೂ ಓದ್ತದ, ಬ್ಯಾಡಾದ್ದೂ ಓದ್ತದ, ಅಷ್ಟರಾಗ ವ್ಯಾಳ್ಯಾ ಮೀರ್ತದ. ನಿಮಗ ಬೇಕಾದ್ದು ಒಂದs ಗುರುತು. ಗಂಡ ಹೆಂಡತಿ ಇಬ್ಬರ ರಕ್ತದಾಗೂ ಅದು ಎಲ್ಲಿ ಅದ ಅಂತ ಮದಲ ಹುಡುಕೂದು, ಆಮ್ಯಾಲ ಕೂಸಿನ ಮಾಸಿನಾಗಿಂದ ಒಂದು ಚೂರು ತೆಗದು ಅಲ್ಲಿ ಮಾತ್ರ ನೋಡೂದು.”

ಮಲ್ಕಪ್ಪನಿಗೆ ಅದು ಹಿಂಡಿನ ಭಾಷೆಯಲ್ಲೇ ತಿಳಿಯಿತು. ಕುರಿಗಳ ತಲೆ ಎಣಿಸುವುದು ಬೇರೆ, ಕಿವಿಯ ಗುರುತು ನೋಡುವುದು ಬೇರೆ, ಒಂದೊಂದರ ಉಣ್ಣೆ ಬಿಡಿಸಿ ನೋಡುವುದು ಬೇರೆ. ತನ್ನ ಕುರಿಯ ಕಿವಿ ನೋಡಬೇಕಾದವನು ಊರೂರು ತಿರುಗಿ ತಲೆ ಎಣಿಸಲು ಚೌಕಾಸಿ ಮಾಡಿದ್ದ.

“ಇದಕ್ಕೆಷ್ಟವ್ವ?”

“ಗೋಡಿ ಮ್ಯಾಲ ಅದ.”

ಗೋಡೆಯ ಮೇಲೆ ಎಲ್ಲ ಸೇರಿ ಹದಿಮೂರು ಸಾವಿರ ಎಂದಿತ್ತು. ಅವನು ಚೌಕಾಸಿ ಮಾಡಿ ಗೆದ್ದದ್ದಕ್ಕಿಂತಲೂ ಎರಡೂವರೆ ಸಾವಿರ ಕಡಿಮೆ. ಗೋಡೆಯ ಜೊತೆ ಸೌದಾ ಆಗುವುದಿಲ್ಲ. ಮಲ್ಕಪ್ಪನ ಕೈಗೆ ಕೆಲಸವಿಲ್ಲದಾಯಿತು.

“ಎಲ್ಲಕ್ಕಿಂತ ಅಗ್ಗದ್ದು ನೀವು ಕೇಳಲೇ ಇಲ್ಲ,” ಎಂದಳು ಮಮ್ತಾಜ. “ಮದುವಿಗಿಂತ ಮದಲ ಇಬ್ಬರದೂ ರಕ್ತ ನೋಡೂದು. ಒಂದು ಜವಾರಿ ಕೋಳಿ ರೊಕ್ಕದಾಗ ಮುಗೀತದ.”

ರೇಣಮ್ಮ ಕಿಟಕಿಯಿಂದ ಮುಖ ತಿರುಗಿಸಿದಳು. “ಸೂಜಿಲೆ ಕೂಸಿಗೆ ಏನಾರ ಆಗ್ತದಾ ರೀ?”

“ನೂರಾರು ಮಂದ್ಯಾಗ ಒಬ್ಬರಿಗೆ ಬಸುರು ಜಾರಬಹುದು. ಸುಳ್ಳು ಹೇಳೂದಿಲ್ಲ.”

“ಮಾಳಿ ಹಂಗಾ ಇದ್ರ?”

“ಅದು ನಿನ್ನ, ನಿನ್ನ ಗಂಡಂದು ನಿರ್ಧಾರ. ಇಟ್ಕೋತೀನಿ ಅಂದ್ರೂ ನಾವು ಜೋಡಿ ಇರ್ತೀವಿ, ಬ್ಯಾಡಂದ್ರೂ ಇರ್ತೀವಿ. ಇವತ್ತs ಹೇಳಬೇಕಂತಿಲ್ಲ.”

“ಮಾಳಿ ನನಗ ಬ್ಯಾಡಾಗಿಲ್ರಿ,” ಎಂದಳು ರೇಣಮ್ಮ. “ಆದ್ರ ಅಕಿ ಕೈಯಾಗ ಸೂಜಿ ಹಾಕಾಕ ಜಾಗ ಉಳದಿಲ್ಲ. ಇನ್ನೊಂದು ಕೈ ಹಿಂಗ ಹಿಡ್ಕೊಂಡು ಕೂಡೂ ತಾಕತ್ತು ನನಗ ಅದನೋ ಇಲ್ಲೋ, ನಾ ವಿಚಾರ ಮಾಡಬೇಕು. ಮದಲ ತಿಳೀಲಿ.”

ಮಲ್ಕಪ್ಪ ಎದ್ದು ಹೊರಗೆ ಹೋಗಿ ಅಳಿಯನಿಗೆ ಫೋನು ಹಚ್ಚಿದ. ರಾತ್ರಿಪಾಳಿ ಮುಗಿಸಿದ ಬೀರಣ್ಣ ಮರುದಿನ ಬೆಳಗಿನ ರೈಲಿಗೆ ಬಂದು ರಕ್ತ ಕೊಟ್ಟ. ರೇಣಮ್ಮನಿಗೆ ಅದೇ ದಿನ ಸೂಜಿ ಹಾಕಿದರು. ಎಲ್ಲವೂ ಹೈದರಾಬಾದಿಗೆ ಹೋಯಿತು.

ಮನೆಗೆ ಬಂದಾಗ ಸಾಯಬಮ್ಮ ಎಲ್ಲ ಕೇಳಿಸಿಕೊಂಡು, ಜೋಳ ಕೇರುವುದನ್ನು ನಿಲ್ಲಿಸದೆ ಹೇಳಿದಳು: “ಹಿಂಡು ಇದ್ದಾಗ ಎರಡು ವರ್ಷಕ್ಕೊಮ್ಮಿ ಹೊರಗಿನ ಬೀಜದ ಟಗರು ತರ್ತಿದ್ರಿ. ಮನಿ ಟಗರು ಬಿಟ್ರ ಮರಿ ಸೊರಗ್ತಾವ ಅಂತ ಊರಿಗೆಲ್ಲ ಬುದ್ಧಿ ಹೇಳ್ತಿದ್ರಿ. ಮಗಳಿಗೆ ಮಾತ್ರ ಮನಿಯಾಗಿನ ಗಂಡs ಬೇಕಾತು.”

“ಬೀರಣ್ಣ ಛಲೋ ಹುಡುಗ.”

“ಛಲೋ ಹುಡುಗ ಅಲ್ಲಂತ ಯಾರಂದಾರ? ಟಗರೂ ಛಲೋನ ಇರ್ತಿತ್ತು.”

ಆ ದಿನಗಳಲ್ಲಿ ಅವನ ದಂಧೆ ನೆಲ ಕಚ್ಚಿತು. ಸಂತೆಯಲ್ಲಿ ಟವೆಲ್ಲಿನ ಕೆಳಗೆ ಹಿಡಿದ ಬೆರಳನ್ನು ಹಿಡಿದೇ ಮರೆತುಬಿಡುವನು. ಒಂದು ದಿನ ಹೀಗೆ ಶಹಾಪುರದ ಮಾಂಸದ ವ್ಯಾಪಾರಿ ಸುಲ್ತಾನಸಾಬನ ಕೈ ಹಿಡಿದು ನಿಂತಿದ್ದ. ಇಬ್ಬರದೂ ಹಳೆಯ ಗೆಳೆತನ, ಅದಕ್ಕಿಂತ ಹಳೆಯ ಜಗಳ.

“ಬಿಡೋ ಮಲ್ಕಪ್ಪಣ್ಣ, ಲಗ್ನದ ಕೈ ಹಿಡದಂಗ ಹಿಡದಿ,” ಎಂದ ಸುಲ್ತಾನಸಾಬ. “ಸುರಪುರದಾಗ ಗಂಡೋ ಹೆಣ್ಣೋ ಕೇಳಾಕ ಹೋಗಿ ಹೊರಗ ಹಾಕಿಸ್ಕೊಂಡಿಯಂತ? ಈ ವಯಸ್ಸಿನಾಗ ಇದೇನು ಬುದ್ಧಿ?”

ಆ ಮಾತನ್ನು ಸಹಿಸುವುದಕ್ಕಿಂತ ನಿಜ ಹೇಳುವುದೇ ಸಸ್ತಾ ಎಂದು ಮಲ್ಕಪ್ಪನಿಗೆ ಅನ್ನಿಸಿತು. ಟವೆಲ್ಲು ಎಳೆದು ಹೆಗಲಿಗೆ ಹಾಕಿಕೊಂಡು, ಸಂತೆಯ ನಡುವೆ ನಿಂತು, ಮಾಳಮ್ಮನ ರೋಗದಿಂದ ಹಿಡಿದು ಹೈದರಾಬಾದಿಗೆ ಹೋದ ಚೂರಿನವರೆಗೆ ಎಲ್ಲ ಹೇಳಿದ. ಹೇಳಿ ಮುಗಿಸಿ, ಆಕಾಶ ಬೀಳುವುದನ್ನು ಕಾದ.

ಸುಲ್ತಾನಸಾಬ ಬೀಡಿ ಹಚ್ಚಿದ. “ಮಾಳಿದು ರಕ್ತದ ಬ್ಯಾನಿ ಅಂತ ಎಲ್ಲಾರಿಗೂ ಗೊತ್ತದ.”

“ಎಲ್ಲಾರಿಗೂ ಅಂದ್ರ?”

“ಕಲಬುರಗಿ ಬಸ್ಸಿನ ಕಂಡಕ್ಟರ ನನ್ನ ಷಡ್ಡಕ. ಹ್ವಾದ ವರ್ಷದಿಂದ ಗೊತ್ತದ. ನೀನು ದೇವರ ಹರಕಿ ಅಂತಿ, ನಾವು ಹೂಂ ಅಂತೀವಿ. ಮುದುಕ ಮುಚ್ಚಿಕೋತಾನ, ಮುಚ್ಚಿಕೊಳ್ಳಲಿ ಬಿಡು ಅಂತ.” ಒಂದು ದಮ್ಮು ಎಳೆದು ಕೇಳಿದ, “ರಿಪೋರ್ಟು ಯಾವಾಗ?”

“ಗುರುವಾರ.”

“ಈ ಟಗರು ನೀ ಹೇಳಿದ ದರಕ್ಕs ಇರಲಿ,” ಎಂದ ಸುಲ್ತಾನಸಾಬ. ಅವರ ಮೂವತ್ತು ವರ್ಷದ ವ್ಯವಹಾರದಲ್ಲಿ ಇಂಥ ಅನಾಹುತ ಎಂದೂ ನಡೆದಿರಲಿಲ್ಲ.

ಗುರುವಾರ ಮಾಳಮ್ಮನಿಗೆ ರಕ್ತ ಹಾಕಿಸುವ ದಿನವೂ ಆಗಿತ್ತು. ಸಾಯಬಮ್ಮ ಅವಳನ್ನು ಕರೆದುಕೊಂಡು ಮೇಲಿನ ವಾರ್ಡಿಗೆ ಹೋದಳು. ಉಳಿದ ಮೂವರು ಮಮ್ತಾಜಳ ಮುಂದೆ ಕೂತರು. ಬೀರಣ್ಣ ಒಂದು ಕಡೆ, ಮಲ್ಕಪ್ಪ ಒಂದು ಕಡೆ, ನಡುವೆ ರೇಣಮ್ಮ. ಮಮ್ತಾಜ ಲಕೋಟೆ ಮೊದಲೇ ಒಡೆದಿದ್ದಳು. ನಗುತ್ತಿದ್ದಾಳೋ ಇಲ್ಲವೋ ಎಂದು ಮಲ್ಕಪ್ಪ ಅವಳ ಮುಖ ನೋಡಿದ. ಎದುರಿನವನ ಮುಖ ನೋಡಿ ದರ ಊಹಿಸುವ ವಿದ್ಯೆ ಅಂದು ಕೈಕೊಟ್ಟಿತು.

“ಕೂಸಿಗೆ ಒಂದs ಗುರುತು ಬಂದದ, ಎರಡಿಲ್ಲ,” ಎಂದಳು. “ನಿಮ್ಮಿಬ್ಬರಂಗ. ಹೊತ್ಕೊಂಡು ತಿರಗ್ತದ, ಅದಕ್ಕೇನೂ ಆಗೂದಿಲ್ಲ. ರಕ್ತ ಹಾಕಿಸೂ ಕೆಲಸ ಇಲ್ಲ. ದೊಡ್ಡದಾದ ಮ್ಯಾಲ ಲಗ್ನದ ಹೊತ್ತಿಗೆ ಮಾತ್ರ ಮರೀದಂಗ ಹೇಳಬೇಕು.”

ಬೀರಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ರೇಣಮ್ಮ ಹಾಳೆಯನ್ನು ಒಮ್ಮೆ ಮುಟ್ಟಿ ನೋಡಿ, “ಮಾಳಿಗೆ ರಕ್ತದ ಚೀಲ ಹಚ್ಚೂ ಹೊತ್ತಾತು, ಸೂಜಿ ಚುಚ್ಚೂವಾಗ ನಾ ಇರಬೇಕು,” ಎಂದು ಎದ್ದಳು.

ಮೇಲೆ ಹೋಗುವಷ್ಟರಲ್ಲಿ ಸೂಜಿ ಚುಚ್ಚಿ ಆಗಿತ್ತು. ಮಾಳಮ್ಮ ಹಾಸಿಗೆಯ ಮೇಲೆ ಒಂದು ಕೈ ಚಾಚಿ, ಇನ್ನೊಂದರಲ್ಲಿ ಬಿಸ್ಕೀಟು ಹಿಡಿದು ಕೂತಿದ್ದಳು. ಅತ್ತ ಗುರುತು ಕೆನ್ನೆಯ ಮೇಲಿತ್ತು, ಬಿಸ್ಕೀಟಿನ ಪುಡಿ ಅದಕ್ಕೆ ಅಂಟಿತ್ತು. ತಾಯಿ ಅಪ್ಪ ಇಬ್ಬರೂ ಕಣ್ಣೊರೆಸಿಕೊಳ್ಳುತ್ತ ಬಂದದ್ದನ್ನು ನೋಡಿ ಅವಳಿಗೆ ಅನುಮಾನ ಬಂತು.

“ಏನಾತು ಮುತ್ಯಾ?”

“ನಿಮ್ಮವ್ವನ ಹೊಟ್ಟ್ಯಾಗ ಕೂಸದಲ್ಲ, ಅದಕ್ಕ ನಿನ್ನಂಗ ಬ್ಯಾನಿ ಇಲ್ಲಂತ.”

ಮಾಳಮ್ಮ ಬಿಸ್ಕೀಟು ಕಚ್ಚುವುದನ್ನು ನಿಲ್ಲಿಸಿದಳು. “ಅದಕ್ಕ ಸೂಜಿ ಇಲ್ಲಾ?”

“ಇಲ್ಲ.”

“ಒಂದೂ ಇಲ್ಲಾ?”

“ಒಂದೂ ಇಲ್ಲವ್ವ.”

ಮಲ್ಕಪ್ಪನಿಗೆ ಹೆದರಿಕೆಯಾಯಿತು. ಇನ್ನು ಇವಳು ನನಗ್ಯಾಕೆ ಇದೆ ಎಂದು ಕೇಳುತ್ತಾಳೆ. ಅದಕ್ಕೆ ಅವನ ಹತ್ತಿರ ಆ ಹಾಳೆಯ ಮೇಲಿನ ಒಂದು ಚೌಕವಷ್ಟೇ ಇತ್ತು. ಮಾಳಮ್ಮ ಮೇಲೆ ತೂಗುತ್ತಿದ್ದ ರಕ್ತದ ಚೀಲ ನೋಡಿದಳು, ತನ್ನ ಕೈ ನೋಡಿದಳು, ಬಹಳ ವಿಚಾರ ಮಾಡಿದಳು.

“ಹಂಗಾರ ಅದಕ್ಕ ಇಲ್ಲಿ ಏನು ಕೆಲಸ?” ಎಂದಳು. “ಬಸ್ಸಿನಾಗ ಕಿಟಕಿ ಸೀಟು ನಂದs. ಕ್ಯಾಂಟೀನಿನ ಪೂರಿನೂ ನಂದs. ಅದು ಮನ್ಯಾಗ ಇರಲಿ.”

“ಇರಲಿ,” ಎಂದು ಮಲ್ಕಪ್ಪ ಮಾತು ಕೊಟ್ಟ. ಪೂರಿ ತರಲು ಕೆಳಗೆ ಹೋದ.